ಅಂಚಿನ ಮಡಿ

ಹನ್ನೊಂದು ವರ್ಷಕ್ಕೆ ಮೂರು ತಿಂಗಳ ರಜೆ.
ಗೋಝೊ ದ್ವೀಪದ ಹಡಗುಗಟ್ಟೆಯಲ್ಲಿ ಇಳಿದವನ
ಕೈಯಲ್ಲಿ ಒಂದೇ ಚೀಲ.
ಉಳಿದದ್ದೆಲ್ಲಿ? ಅಂದೆ.
ಉಳಿದದ್ದು ನಾನೇ, ಅಂದ ಸಾಲ್ವು.
ಉಳಿದದ್ದೂ ಹೆಚ್ಚೇನಿರಲಿಲ್ಲ.

ರಾತ್ರಿ ಮೂರಾದರೂ ನಿದ್ದೆಯಿಲ್ಲ ಅವನಿಗೆ.
ಪೆರುವಿನ ಬೆಟ್ಟದಲ್ಲಿ ಈಗ ಊಟದ ಹೊತ್ತು.
ಅಡುಗೆಮನೆಯಲ್ಲಿ ಕೂತು ಜಪಮಾಲೆ ಎಣಿಸುತ್ತಾನೆ
ನನಗೆ ತಿಳಿಯದ ಭಾಷೆಯಲ್ಲಿ.
ಕಸಬರಿಕೆಗೆ ನಮ್ಮಲ್ಲಿ ಏನನ್ನುತ್ತಾರೆ ಮರೆತಿದ್ದಾನೆ,
ಗಾಳಿಯಲ್ಲಿ ಕೈಯಾಡಿಸಿ ತೋರಿಸಿದ:
ಎರಡು ಎಳೆತ, ಒಂದು ಒದರು,
ಉಪ್ಪು ಗುಡಿಸುವವರ ಕೈಯೇ ಅದು,
ಅಪ್ಪನದು.

ಚೆನ್ಸುವಿನ ಮಕ್ಕಳಿಗೆ
ದೊಡ್ಡಪ್ಪ ಅನ್ನಿರೋ ಅಂದರೆ ನಾಚಿಕೆ.
ಫಾದರ್, ಉಪ್ಪಿನಕಾಯಿ ಕೊಡಿ, ಅನ್ನುತ್ತವೆ.
ಕೊಡುತ್ತಾನೆ,
ಪ್ರಸಾದ ಹಂಚಿದ ಹಾಗೆ, ಎರಡು ಬೆರಳಲ್ಲಿ.

ಅವ್ವ ಹೋದದ್ದು ಆಗಸ್ಟಿನಲ್ಲಿ.
ಆಗಸ್ಟಿನ ಉಪ್ಪು ಸಾವಿಗೂ ಕಾಯುವುದಿಲ್ಲ.
ಬೆಳಿಗ್ಗೆ ಮಣ್ಣು ಕೊಟ್ಟೆವು, ಸಂಜೆ ಗುಡಿಸಿದೆವು.
ಅಲ್ಲಿ ಗುಡ್ಡ ಕುಸಿದು ದಾರಿ ಮುಚ್ಚಿತ್ತಂತೆ,
ಸುದ್ದಿ ಮುಟ್ಟಿದ್ದು ಒಂಬತ್ತನೇ ದಿನ.
ಅದನ್ನೆಲ್ಲ ನಾನು ಕೇಳಲಿಲ್ಲ.
ಕೇಳಿದ್ದು ಉಪ್ಪಿನ ಮಾತು:
ವರ್ಷವರ್ಷವೂ ಬಟ್ಟೆಯಲ್ಲಿ ಹೊಲಿದು
ಅವ್ವ ಕಳಿಸಿದಳಲ್ಲ, ಕಿಲೋ ಕಿಲೋ,
ಬಾಯಿಗೆ ಹಾಕಿಕೊಂಡೆಯೋ ಇಲ್ಲವೋ?

ಅರ್ಧ ಹಾಕಿಕೊಂಡೆ, ಅಂದ.
ಇನ್ನರ್ಧ?
ತಟ್ಟೆ ನೋಡಿದ.
ಇಲಾರಿಯಾ ಅಂತ ಒಬ್ಬ ವಿಧವೆ.
ಅವಳ ಅಲ್ಪಾಕಗಳು ಉಪ್ಪಿಲ್ಲದೆ
ಕಲ್ಲು ನೆಕ್ಕುತ್ತಿದ್ದವು.

ಪ್ರಾಣಿಗೆ! ಅವ್ವನ ಕೈಯ ಉಪ್ಪು, ಪ್ರಾಣಿಗೆ!
ಸೌಟು ಎಸೆದೆ.
ಅದು ಹೋಗಿ ಸಂತ ಅಂತೋನಿಯ ಪಟಕ್ಕೆ ಬಿತ್ತು.
ಕಳೆದದ್ದನ್ನು ಹುಡುಕಿಕೊಡುವವನೇ ನೆಲದ ಮೇಲೆ.
ಇಬ್ಬರೂ ಮೊಣಕಾಲೂರಿ ಗಾಜು ಹೆಕ್ಕಿದೆವು,
ನಕ್ಕೂ ನಕ್ಕೂ ಸುಸ್ತಾಗಿ.
ಉಪ್ಪು ತಿಂದವರು ನೀರು ಕುಡಿಯಬೇಕು,
ಅಷ್ಟು ಎತ್ತರದಲ್ಲಿ ಆ ಬಡಪಾಯಿಗಳಿಗೆ
ನೀರಾದರೂ ಸಿಕ್ಕಿತೇ, ಅಂದೆ.

ನಾನು ಯಾವ ವ್ರತವನ್ನೂ ತೊಟ್ಟವಳಲ್ಲ.
ಬಡತನ, ಬ್ರಹ್ಮಚರ್ಯ, ವಿಧೇಯತೆ
ಮೂರೂ ನನಗೆ ಬಿಟ್ಟಿಯಾಗಿ ಬಂದವು,
ಅವ್ವನ ಮಂಚದ ಪಕ್ಕದಲ್ಲಿ.
ನನ್ನ ಹೆಸರಿಗೆ ಯಾವ ಚರ್ಚಿನಲ್ಲೂ
ಬೆಳ್ಳಿಹಬ್ಬದ ಪೂಜೆ ಆಗಲಿಲ್ಲ.
ಇದನ್ನೂ ಅವನಿಗೆ ಹೇಳಲಿಲ್ಲ.
ಅವನೇ ಒಂದು ದಿನ ನನ್ನ ಬಟ್ಟೆ ಒಗೆದು ಹರಗಿದ್ದ,
ಕೆಟ್ಟದಾಗಿ, ತೋಳು ಮೇಲಾಗಿ.

ಜುಲೈಯಲ್ಲಿ ಕಾಗದ ಬಂತು. ಮುಂದಿನ ಊರು ಮೊಜಾಂಬಿಕ್.
ಅರವತ್ತೊಂದಕ್ಕೆ ಮತ್ತೆ ಅ ಆ ಇ ಈ.
ಅದರ ಹಿಂದೆಯೇ ನೋಟರಿಯ ಕಾಗದ:
ಅಜ್ಜ ಕಲ್ಲಿನಲ್ಲಿ ಕೊರೆದ ಹದಿನೇಳು ಮಡಿಗಳಿಗೆ
ಮೂವರು ಹಕ್ಕುದಾರರು.
ಸಾಲ್ವು ಒಂದೇ ಉಸಿರಿಗೆ ಸಹಿ ಹಾಕಿದ,
ತನ್ನದೇನೂ ಬೇಡ ಎಂದು.
ಚೆನ್ಸು ಉಸಿರು ಬಿಟ್ಟದ್ದು ಕೇಳಿಸಿತು.

ಹೊರಗೆ ಮೆಟ್ಟಿಲಲ್ಲಿ ನನ್ನ ತೋಳು ಹಿಡಿದ:
ಬರಹದಲ್ಲಿ ಬೇಡ.
ಆ ಅಂಚಿನದು, ಸೋರುವ ಮಡಿ, ನಾನು ಜಾರಿಬಿದ್ದದ್ದು,
ಅದು ನನ್ನದು ಅಂತ ಇರಲಿ.
ಸಂನ್ಯಾಸಿಗೆ ಮಡಿ ಯಾಕೋ? ಅಂದೆ.
ಸೋರುತ್ತದಲ್ಲ, ಅಂದ,
ಆಸ್ತಿ ಅನ್ನಿಸುವುದಿಲ್ಲ.

ಗುರುವಾರ ಹಡಗು ಹೋಯಿತು.
ಈ ಸಲದ ಚೀಲ ಎರಡು,
ಎರಡನೆಯದು ಏನೆಂದು ಸುಂಕದವರು ತೆರೆದು,
ನೆಕ್ಕಿ ನೋಡಿದರಂತೆ.

ಇವತ್ತು ಹದಿನಾರು ಮಡಿ ಗುಡಿಸಿದೆ.
ಅಂಚಿನದರಲ್ಲಿ ಒಂದು ಮುಷ್ಟಿ ಕಟ್ಟಿತ್ತು,
ಸೊಂಟಕ್ಕೆ ಕೈ ಕೊಟ್ಟು ನೋಡುತ್ತ ನಿಂತೆ.
ಅಲೆ ಬಂದು ಬಳಿದುಕೊಂಡು ಹೋಯಿತು.
ಬಾಯಿಗೆ ಬಂದಂತೆ ಬೈದೆ.
ಯಾರನ್ನು ಅಂತ ಕೇಳಬೇಡಿ.